ಗ್ಯಾಸ್ ಪೂರ್ತಿ ತೆಗೆಯಿರಿ

ಹೋದ ತಿಂಗಳು ತುರುವೇಕೆರೆಯಲ್ಲಿ ನಂಟರ ಮದುವೆ. ಮಂಡಿ ನೋವಿಟ್ಟುಕೊಂಡು ಬಸ್ಸಿನಲ್ಲಿ ಹೋಗುವುದು ಬೇಡ ಅಂತ ಮಗಳು ಮೈಸೂರಿನಿಂದ ಬಾಡಿಗೆ ಕಾರು ಗೊತ್ತು ಮಾಡಿ ಹತ್ತಿಸಿದಳು. ಮಾಯಸಂದ್ರ ಮುಟ್ಟುವ ಹೊತ್ತಿಗೆ ಕಾರಿನ ಏಸಿ ಕೈಕೊಟ್ಟಿತು. ಕಿಟಕಿ ಇಳಿಸಿಕೊಂಡು ಹೋಗೋಣ ನಡಿಯಪ್ಪ, ಇನ್ನೇನು ಬಂದೇ ಬಿಡ್ತಲ್ಲ ಅಂದರೂ ಡ್ರೈವರ್ ಕೇಳಲಿಲ್ಲ, ರಸ್ತೆ ಪಕ್ಕದ ಒಂದು ಶೆಡ್ಡಿನ ಮುಂದೆ ನಿಲ್ಲಿಸಿಯೇ ಬಿಟ್ಟ. ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಪೈಪು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಗ್ಯಾಸ್ ತೆಗೀಬೇಕು ಕಣಮ್ಮಾ. ಅರ್ಧ ಗಂಟೆ ಆಯ್ತದೆ, ಅಲ್ಲಿ ನೆಳ್ಳಲ್ಲಿ ಕೂತ್ಕಳಿ" ಅಂದ.

"ತೆಗೆಯೋದು ಅಂದ್ರೆ? ಏನ್ಮಾಡ್ತೀಯ ನೀನು?" ಅಂತ ಕೇಳಿದೆ. ದನಿ ಎಷ್ಟು ಜೋರಾಗಿತ್ತೆಂದರೆ ಡ್ರೈವರ್ ಗಾಬರಿಯಾಗಿ ಓಡಿಬಂದ. ಮೆಕ್ಯಾನಿಕ್ಕು ನನ್ನನ್ನು ಒಂಥರಾ ನೋಡಿ, ಮೂಲೆಯಲ್ಲಿದ್ದ ಯಂತ್ರ ತೋರಿಸಿದ. "ಇದ್ರಾಗೆ ಎಳ್ಕಂಡು ಸಿಲಿಂಡರಿಗೆ ತುಂಬ್ಕತೀವಿ ಕಣಮ್ಮ. ಯಾಕೆ?" ಏನಿಲ್ಲ ಮಾಡಪ್ಪ ಅಂತ ಹೇಳಿ ಹೋಗಿ ಕೂತೆ. ಡ್ರೈವರ್ ಎಳನೀರು ತಂದುಕೊಟ್ಟು, ಬಿಸಿಲಿಗೆ ಹಂಗಾಗುತ್ತೆ ಮೇಡಂ ಅಂದ. ಬಿಸಿಲಂತೆ, ಬಿಸಿಲು! ನಾನು ಕೂಗಿಕೊಂಡದ್ದು ಒಂದು ಮಾತಿಗೆ. ತೆಗಿ ಅನ್ನುವ ಆ ಒಂದು ಮಾತು ಕಿವಿಗೆ ಬಿದ್ದರೆ ನಾನು ಈಗಲೂ ತಿಪಟೂರಿನಲ್ಲಿರುತ್ತೇನೆ. ಅಲ್ಲಿದ್ದದ್ದು ಒಂದೇ ವರ್ಷ, ಅದೂ ಪೂರ್ತಿ ಇಲ್ಲ.

ತೆಂಗಿಗೆ ನುಸಿ ಬಿದ್ದ ಕಾಲ ಅದು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಮೈಸೂರಿನ ಒಂದು ಐಟಿಐನಲ್ಲಿ ಫ್ರಿಜ್ಜು, ಏಸಿ ರಿಪೇರಿ ಕಲಿಸುವ ಇನ್‌ಸ್ಟ್ರಕ್ಟರು. ಹೆಂಗಸು ಇಂಥ ಕೆಲಸದಲ್ಲಿ ಇದ್ದದ್ದೇ ಆಗ ದೊಡ್ಡ ಸುದ್ದಿ. ಬೆಂಗಳೂರಿಗೆ ಕರೆಸಿ ಮೂರು ವಾರ ತರಬೇತಿ ಕೊಟ್ಟರು. ಕಾರುಗಳ ಹಳೇ ಗ್ಯಾಸು ಹೋಗಿ ಹೊಸಾದು ಬಂದಿದೆ, ಹಳೇದು ಆಕಾಶದಲ್ಲಿರುವ ಓಝೋನ್ ಪದರವನ್ನು ತಿನ್ನುತ್ತದೆ, ಮೆಕ್ಯಾನಿಕ್ಕುಗಳು ಅದನ್ನು ಸುಮ್ಮಸುಮ್ಮನೆ ಗಾಳಿಗೆ ಬಿಡುತ್ತಿದ್ದಾರೆ, ಊರೂರಿನಲ್ಲಿ ಅವರನ್ನು ಕೂರಿಸಿ ಹೇಳಿಕೊಡಬೇಕು, ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು ಅಂತ. ಒಳ್ಳೇ ಕೆಲಸವೇ. ಆದರೆ ಆ ಊರೂರು ಅನ್ನುವುದರಲ್ಲಿ ನನ್ನ ಪಾಲಿಗೆ ಬಂದದ್ದು ತಿಪಟೂರು. ಒಂದು ವರ್ಷ ಹೋಗಿ ಬನ್ನಿ, ವರ್ಷ ಮುಗಿದ ಮಾರನೇ ದಿನ ಮೈಸೂರಿಗೆ ಹಾಕಿಕೊಡ್ತೀವಿ ಅಂದರು. ಬರೀ ಬಾಯಿಮಾತು. ಮಗಳು ಆಗ ಆರನೇ ಕ್ಲಾಸು. ಅವಳನ್ನೂ ಅವರಪ್ಪನನ್ನೂ ಬಿಟ್ಟು ಟ್ರಂಕು ಹೊತ್ತುಕೊಂಡು ಬಂದೆ.

ಕೊಬ್ಬರಿ ವ್ಯಾಪಾರದವರೊಬ್ಬರ ಮನೆಯ ಮಾಳಿಗೆ ಮೇಲೆ ರೂಮು. ಗೋಡೆಯಾಚೆ ಅವರ ಅಟ್ಟ, ಅಟ್ಟದ ತುಂಬ ಕಾಯಿ, ಒಳಗೇ ಒಣಗಿ ಕೊಬ್ಬರಿಯಾಗಲಿ ಅಂತ ತಿಂಗಳುಗಟ್ಟಲೆ ಇಟ್ಟಿದ್ದು. ಇಲಿ ಓಡಿದರೆ ಎಲ್ಲ ಗಡಗಡ ಉರುಳುತ್ತಿದ್ದವು. ಹಗಲು ಹೊತ್ತು ಕರೆಂಟು ಇರುತ್ತಿರಲಿಲ್ಲ. ಊರಿಗೆ ಊರೇ ಸಿಪ್ಪೆ, ಮಟ್ಟೆ, ಎಣ್ಣೆ ವಾಸನೆ. ಮೆಕ್ಯಾನಿಕ್ಕುಗಳಿಗೆ ಬಿಡುವಿರುವುದು ಶನಿವಾರ, ಭಾನುವಾರ ಅಂತ ತರಬೇತಿ ಅವತ್ತೇ ಇಟ್ಟಿದ್ದರು. ಅಂದರೆ ನನಗೆ ಮನೆಗೆ ಹೋಗಲು ಸಿಗುವ ದಿನಗಳೇ ಅವು. ಎಸ್‌ಟಿಡಿ ಬೂತಿನಲ್ಲಿ ನಿಂತು ಫೋನು ಮಾಡಿದರೆ ಮಗಳು, "ಈ ವಾರಾನೂ ಬರಲ್ವಾಮ್ಮ" ಅಂತ ಕೇಳೋಳು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು. ಸಾಕಾಗಿ ಹೋಗಿತ್ತು ನನಗೆ. ಆ ವರ್ಷವಿಡೀ ನಾನು ಸುಸ್ತಾಗೇ ಇದ್ದೆ ಅನ್ನಿಸುತ್ತದೆ. ಇದು ನೆಪ ಅಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ತೆಂಗಿನ ನಾಡಿನಲ್ಲಿ ಏಸಿ ಕಾರು ಎಲ್ಲಿಂದ ಬಂತು ಅನ್ನಬೇಡಿ. ಮಂಡಿ ವರ್ತಕರ ಹತ್ತಿರ ಇತ್ತು, ಬೆಂಗಳೂರಿಗೆ ಓಡುವ ಟ್ಯಾಕ್ಸಿಗಳಿದ್ದವು, ಮದುವೆ ದಿಬ್ಬಣದ ಮಿನಿಬಸ್ಸುಗಳಿದ್ದವು. ಮೂರು ತಾಲ್ಲೂಕು ಸೇರಿಸಿದರೆ ಗ್ಯಾಸ್ ಹೊಡೆಯುವವರು ಮೂವತ್ತು ಜನಕ್ಕೆ ಕಮ್ಮಿಯಿರಲಿಲ್ಲ. ಎಲ್ಲ ಫ್ರಿಜ್ಜಿನಿಂದಲೋ ಬ್ಯಾಟರಿ ಕೆಲಸದಿಂದಲೋ ಈ ಕಡೆ ಹೊರಳಿದವರು. ಅವರು ಕೆಲಸ ಮಾಡುವುದು ನೋಡಿದರೆ ಜೀವ ಬಾಯಿಗೆ ಬರುತ್ತಿತ್ತು. ಸ್ಪ್ಯಾನರ್ ಹಾಕಿ ನಟ್ಟು ಸಡಿಲ ಮಾಡುವುದು, ಗ್ಯಾಸು ಪುಸ್ ಅಂತ ಮುಖಕ್ಕೇ ಬರುವುದು, ಹಾಂ ಹೋಯ್ತು ಅನ್ನುವುದು. ಒಬ್ಬನಿಗೆ ತೋರುಬೆರಳ ತುದಿಯಲ್ಲಿ ಸ್ಪರ್ಶವೇ ಇರಲಿಲ್ಲ, ಆ ಗ್ಯಾಸಿನ ಚಳಿಗೆ ಸತ್ತುಹೋಗಿತ್ತು. ಕೇಳಿದರೆ, "ಒಂದು ಬೆರಳು ತಾನೇ ಮೇಡಂ, ಇನ್ನೂ ಒಂಬತ್ತವೆ" ಅಂತ ನಗುತ್ತಿದ್ದ.

ಬೆಂಗಳೂರಿನಿಂದ ಕಳಿಸಿದ ಪಾಠದ ಹಾಳೆಗಳು ಇಂಗ್ಲಿಷಿನಲ್ಲಿದ್ದವು. ಜೊತೆಗೊಂದು ಕನ್ನಡವೂ ಇತ್ತು, ಯಾವ ಪುಣ್ಯಾತ್ಮ ಮಾಡಿದ್ದೋ. 'ಶೀತಕದ ಪುನಃಸಂಗ್ರಹಣ ಕ್ರಿಯೆ' ಅಂತ ಶುರುವಾಗುತ್ತಿತ್ತು. ಮೊದಲ ಬ್ಯಾಚಿನಲ್ಲಿ ಕಂದಿಕೆರೆಯವನೊಬ್ಬ ಅದನ್ನು ತಡವರಿಸುತ್ತಾ ಓದಿ ಮುಗಿಸಿ, "ಇದೇನು ಮಂತ್ರವಾ ಮೇಡಂ? ಇದನ್ನ ಹೇಳ್ತಾ ನಿಂತ್ರೆ ಗ್ಯಾಸು ಅದಾಗದೇ ಹೊಂಟೋಯ್ತದಾ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದು ಹೇಳುತ್ತಿದ್ದದ್ದು ಇಷ್ಟೇ: ಏಸಿ ಪೈಪು ಬಿಚ್ಚುವ ಮೊದಲು ಒಳಗಿರುವ ಗ್ಯಾಸನ್ನೆಲ್ಲ ಒಂದು ಯಂತ್ರದಿಂದ ಎಳೆದು ಖಾಲಿ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಹೊರಗೆ ಹೋಗಲು ಬಿಡಬಾರದು.

ಇದನ್ನೆಲ್ಲ ಅವರ ಮಾತಿನಲ್ಲೇ ಬರೆಯುತ್ತೇನೆ ಅಂತ ಹೊರಟೆ. ಹುಮ್ಮಸ್ಸೋ ಜಂಬವೋ, ಎರಡೂ ಇತ್ತು. ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ಸೆಕೆಯಲ್ಲಿ ಬೆವರಿಕೊಂಡು ಹನ್ನೆರಡು ಪುಟ ಬರೆದೆ. 'ಕನ್ನಡಕ ಹಾಕಿರಿ, ಕೈಗವಸು ಹಾಕಿರಿ. ಹತ್ತಿರ ಬೆಂಕಿ ಇರಬಾರದು, ಉರಿಗೆ ಸಿಕ್ಕಿದರೆ ಈ ಗ್ಯಾಸು ವಿಷವಾಗುತ್ತದೆ. ಗಾಳಿಗೆ ಬಿಡಬೇಡಿ, ಮೇಲಕ್ಕೆ ಹೋದರೆ ಆಕಾಶ ಕೆಡುತ್ತದೆ. ಇದು ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಹಳೇ ಗ್ಯಾಸಿಗೆ ಹೊಸಾದು ಬೆರೆಸಬೇಡಿ.' ಆಮೇಲೆ ಆ ಸಾಲು: 'ಮೊದಲು ಗ್ಯಾಸ್ ಪೂರ್ತಿ ತೆಗೆಯಿರಿ. ಚೂರೂ ಉಳಿಯಬಾರದು. ನಂತರ ಪೈಪು ಬಿಚ್ಚಿರಿ.' ನನ್ನ ಲೆಕ್ಕದಲ್ಲಿ ತೆಗೆಯುವುದು ಅಂದರೆ ಡಬ್ಬಿಯಿಂದ ಬೇಳೆ ತೆಗೆದ ಹಾಗೆ, ತೆಗೆದು ಇನ್ನೊಂದು ಕಡೆ ಇಡುವುದು. ಬಾಗಿಲು ತೆಗೆಯುವುದಕ್ಕೂ ನಲ್ಲಿ ತೆಗೆಯುವುದಕ್ಕೂ ನಾವು ಅದೇ ಮಾತನ್ನಾಡುತ್ತೇವೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು ನೋಡಿ. ಪುಟಗಳನ್ನು ಜೆರಾಕ್ಸ್ ಮಾಡಿಸಿದೆ. ಪ್ರಿನ್ಸಿಪಾಲರು ಓದಿ, ಭೇಷ್, ಇದು ಕನ್ನಡ ಅಂದರೆ ಅಂದರು. ಎಷ್ಟು ಖುಷಿಯಾಗಿತ್ತು ಆವತ್ತು!

ರುದ್ರೇಶ ಬಂದದ್ದು ಮೂರನೇ ಬ್ಯಾಚಿಗೆ. ನೊಣವಿನಕೆರೆ ಕಡೆಯವನು. ಮೂವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ. ಅಣ್ಣಂದಿರು ತೋಟ ನೋಡಿಕೊಳ್ಳುತ್ತಿದ್ದರು, ಇವನು ತಿಪಟೂರಿನಲ್ಲಿ ಒಂದು ಶೆಡ್ಡು ಮಾಡಿಕೊಂಡಿದ್ದ. ಆ ಶೆಡ್ಡಿನಲ್ಲಿ ಪಾಲುದಾರ ಈರಣ್ಣ, ಹುಳಿಯಾರು ಕಡೆಯ ಹಟ್ಟಿಯವನು, ಗ್ಯಾಸ್ ವೆಲ್ಡರು. ರುದ್ರೇಶ ಏಸಿ ನೋಡಿದರೆ ಈರಣ್ಣ ಸೈಲೆನ್ಸರು, ಚಾಸಿ, ಬೆಸುಗೆ. ರುದ್ರೇಶ ಮೊದಲ ದಿನವೇ ನನ್ನ ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದು ಇದು: "ಮೇಡಂ, ನಾನು ಎಸ್ಸೆಲ್ಸಿ ಮೂರು ಸಲ ಕೂತು ಮೂರು ಸಲವೂ ಇಂಗ್ಲಿಷಲ್ಲಿ ಹೋದೋನು. ನನ್ನ ಹೆಸರು ಬರೆದು ಪಾಸಾಗವನೆ ಅಂತ ಒಂದು ಕಾಗದ ಈ ಭೂಮಿ ಮೇಲಿಲ್ಲ. ಇದೊಂದು ಮಾಡಿಸ್ಕೊಡಿ. ಎಷ್ಟು ಬೇಕಾದ್ರೂ ಓದ್ತೀನಿ." ಸರ್ಟಿಫಿಕೇಟು ಇಲ್ಲದವರಿಗೆ ಮುಂದೆ ಡೀಲರುಗಳು ಗ್ಯಾಸೇ ಕೊಡುವುದಿಲ್ಲವಂತೆ ಅಂತ ಬೇರೆಯವರು ಹೆದರಿ ಬಂದಿದ್ದರು. ಇವನಿಗೆ ಆ ಕಾಗದವೇ ಬೇಕಿತ್ತು.

ಓದಿದ, ಪಾಪ. ನನ್ನ ಹನ್ನೆರಡು ಪುಟವನ್ನು ಉರು ಹೊಡೆದಿದ್ದ. ಗ್ಯಾಸು ಎಳೆಯುವ ಯಂತ್ರ ಇದ್ದದ್ದು ನನ್ನ ಹತ್ತಿರ ಒಂದೇ, ಅದಕ್ಕೆ ಕರೆಂಟು ಬೇಕು. ಮೊದಲೆರಡು ಬ್ಯಾಚಿಗೆ ಓಡಿಸಿ ತೋರಿಸಿದ್ದೆ. ಮೂರನೇ ಬ್ಯಾಚಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಸಂಜೆಯವರೆಗೂ ಬರಲಿಲ್ಲ. ಜನರೇಟರಿಗೆ ಡೀಸೆಲ್ ಇಲ್ಲ ಅಂದರು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಬಾಯಲ್ಲೇ ಹೇಳಿದೆ. ತಗಡಿನ ಶೀಟಿನ ಕೆಳಗೆ ಹನ್ನೊಂದು ಜನ ಬೆವರು ಸುರಿಸಿಕೊಂಡು ಕೂತಿದ್ದರು, ನನಗೆ ತಲೆ ಸಿಡಿಯುತ್ತಿತ್ತು. ಆವಾಗ ರುದ್ರೇಶ ಎದ್ದು ನಿಂತ. "ಮೇಡಂ, ಗ್ಯಾಸ್ ತೆಗೆಯೋದು ಅಂದ್ರೆ, ನಾವು ದಿನಾ ತೆಗೀತೀವಲ್ಲ, ಅದೇ ಅಲ್ವಾ? ಆ ಮಿಷನ್ನು ದೊಡ್ಡ ಕಂಪನಿ ಗ್ಯಾರೇಜಿಗೆ ಅಲ್ವಾ?"

ಸರಿಯಾಗಿ ಕೇಳಿಸಿಕೊಂಡಿದ್ದರೆ ಸಾಕಿತ್ತು. ಅದೇ ಅಂದರೆ ಯಾವುದಪ್ಪಾ, ಹೆಂಗೆ ತೆಗೀತೀಯ ತೋರಿಸು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಗಡಿಯಾರ ನೋಡಿಕೊಂಡು, "ಹ್ಞೂಂ, ಅದೇ. ಆದ್ರೆ ಪೂರ್ತಿ ತೆಗೀಬೇಕು, ನಿಧಾನಕ್ಕೆ, ಚೂರೂ ಉಳೀಬಾರದು" ಅಂದೆ. ಅವನು ಕೂತುಕೊಂಡು ಅದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡ.

ಬಾಯಿ ಪರೀಕ್ಷೆಯಲ್ಲಿ, ಪೈಪು ಬಿಚ್ಚುವ ಮೊದಲು ಏನು ಮಾಡ್ತೀರಿ ಅಂತ ಕೇಳಿದೆ. "ಗ್ಯಾಸ್ ಪೂರ್ತಿ ತೆಗೀತೀನಿ ಮೇಡಂ, ಚೂರೂ ಉಳಿಸಲ್ಲ" ಅಂದ. ಪೂರ್ತಿ ಅಂಕ ಕೊಟ್ಟೆ. ಆ ಬ್ಯಾಚಿಗೇ ಅವನೇ ಮೊದಲು. ಸರ್ಟಿಫಿಕೇಟು ಕೈಗೆ ಬಂದ ದಿನ ನನಗೊಂದು ಚೀಲ ಎಳನೀರು ತಂದಿಟ್ಟು ಕಾಲಿಗೆ ಬೀಳಲು ಬಂದ. "ಏ, ಎದ್ದೇಳ್ರಿ, ಏನಿದು" ಅಂತ ಬೈದೆ. ಮುಂದಿನ ವಾರ ಅವನ ಶೆಡ್ಡಿನ ಮುಂದೆ ಹಾದುಹೋಗುವಾಗ ನೋಡಿದರೆ, ಅದಕ್ಕೆ ಗಾಜು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದ. ಈರಣ್ಣ ವೆಲ್ಡಿಂಗ್ ಟಾರ್ಚು ಹಿಡಿದುಕೊಂಡೇ ಒಳಗಿನಿಂದ ಕೂಗಿ ಹೇಳಿದ, "ನೋಡಿ ಮೇಡಮ್ಮೋರೆ, ಒಂದು ಕಾಗದ ಕೊಟ್ಟು ಏನು ಮಾಡಿಟ್ರಿ! ಬೀಡಿ ಹಚ್ಚಕ್ಕೂ ಬುಡಲ್ಲ ಕಣ್ರೀ ಈವಯ್ಯ. ಬೆಂಕಿ ಬೆಂಕಿ ಅಂತ ಬಾಯಿ ಬಡ್ಕೋತಾನೆ." ಇಬ್ಬರೂ ನಕ್ಕರು. ನನಗೂ ಸುಸ್ತೆಲ್ಲ ಇಳಿದಂತೆ ಅನ್ನಿಸಿತ್ತು.

ಮುಂಗಾರು ಆ ವರ್ಷ ಹನಿ ಹನಿಯಾಗಿ ಬಂತು. ಒಂದು ಬುಧವಾರ ಸಂಜೆ ಪ್ರಿನ್ಸಿಪಾಲರು ಕರೆದು, ನಿಮ್ಮ ಸರ್ಟಿಫಿಕೇಟಿನವನ ಗ್ಯಾರೇಜಿನಲ್ಲಿ ಏನೋ ಆಗಿದೆಯಂತೆ, ವೆಲ್ಡರನ್ನು ತುಮಕೂರಿಗೆ ಸಾಗಿಸಿದ್ದಾರಂತೆ ಅಂದರು. ಮಾರನೇ ದಿನ ಮೊದಲ ಬಸ್ಸಿಗೆ ತುಮಕೂರಿಗೆ ಹೋದೆ. ದೊಡ್ಡಾಸ್ಪತ್ರೆಯ ಹೊರಗೆ ಕಟ್ಟೆಯ ಮೇಲೆ ರುದ್ರೇಶ ಕೂತಿದ್ದ. ವಿಭೂತಿ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ.

"ಹೆಂಗಾಯ್ತು?" ಅಂದೆ.

ಅವನು ಪಾಠ ಒಪ್ಪಿಸುವವನಂತೆ ಹೇಳುತ್ತಾ ಹೋದ. "ನೀವು ಹೇಳಿದಂಗೇ ಮಾಡಿದ್ದೆ ಮೇಡಂ. ಮದುವೆ ಪಾರ್ಟಿಯವರ ಮಿನಿಬಸ್ಸು ಒಂದು, ಅಂಬಾಸಿಡರ್ ಎರಡು ಬಂದಿದ್ವು. ಮೂರದ್ದೂ ಪೈಪು ಬದಲಾಯಿಸ್ಬೇಕಿತ್ತು. ಕನ್ನಡಕ ಹಾಕ್ಕೊಂಡೆ, ಗ್ಲೌಸ್ ಹಾಕ್ಕೊಂಡೆ, ಈರಣ್ಣನ ಟಾರ್ಚು ಆರಿಸಿ ಅವನನ್ನ ಟೀಗೆ ಕಳಿಸ್ದೆ. ಮೊದಲಾಗಿದ್ರೆ ನಟ್ಟು ಸಡಿಲ ಮಾಡಿ ಪುಸ್ಸಂತ ಬುಡ್ತಿದ್ದೆ. ಬುಡಬಾರ್ದು ಅಂದಿದ್ರಿ. ಬುಡಲಿಲ್ಲ. ತೆಗೆದೆ. ವಾಲ್ವಿಗೆ ಪೈಪು ಸಿಗಿಸಿ ನಿಧಾನಕ್ಕೆ, ಚೂರೂ ಉಳಿಸದಂಗೆ ತೆಗೆದೆ."

"ತೆಗೆದು?"

"ಮೇಲಕ್ಕೆ ಹೋದ್ರೆ ಆಕಾಶ ಕೆಡ್ತದೆ ಅಂದಿದ್ರಲ್ಲ. ಗಾಳಿಗಿಂತ ಭಾರ, ಕೆಳಗೇ ಕೂರ್ತದೆ ಅಂತಲೂ ಅಂದಿದ್ರಿ. ಅದಕ್ಕೇ ಪೈಪಿನ ತುದೀನ ಗುಂಡಿಗೆ ಇಳಿಬುಟ್ಟೆ."

ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಶೆಡ್ಡಿನ ನಡುವೆ ತೋಡಿರುತ್ತಾರಲ್ಲ, ಆಳುದ್ದದ ಗುಂಡಿ, ಅದು. ಅವನದು ಸಿಮೆಂಟು ಕಾಣದ ಮಣ್ಣಿನ ಗುಂಡಿ. ಮೂರು ಗಾಡಿಯ ಗ್ಯಾಸನ್ನೂ ಅದಕ್ಕೆ ತುಂಬಿ, ಮೇಲಕ್ಕೆ ಏಳದಿರಲಿ ಅಂತ ಹಲಗೆ ಮುಚ್ಚಿ, ಗೋಣಿಚೀಲ ಹಾಸಿ, ಅಂಚಿಗೆ ಮಣ್ಣು ಮೆತ್ತಿದ್ದನಂತೆ.

"ಮಧ್ಯಾಹ್ನದೊತ್ತಿಗೆ ಮಣ್ಣಿಗೆ ಇಂಗೋಯ್ತದೆ ಅಂದ್ಕಂಡೆ ಮೇಡಂ. ತೆಂಗಿನ ಪಾತಿಗೆ ನೀರು ಬುಟ್ರೆ ಇಂಗಲ್ವಾ, ಹಂಗೆ. ನಾನು ಸಾಮಾನು ತರಕ್ಕೆ ತುರುವೇಕೆರೆಗೆ ಹೋದೆ. ಈರಣ್ಣಂಗೆ ಹೇಳಿದ್ದೆ, ಊಟದವರೆಗೆ ಗುಂಡಿಗೆ ಇಳೀಬ್ಯಾಡ ಅಂತ. ಇಳೀಲಿಲ್ಲ ಅವನು. ಊಟ ಆದ್ಮೇಲೇ ಇಳಿದ."

ಹಲಗೆ ಸರಿಸಿ ಇಳಿದು, ಬಸ್ಸಿನ ಸೈಲೆನ್ಸರಿಗೆ ಹಿತ್ತಾಳೆ ಬೆಸುಗೆ ಹಾಕಲು ಈರಣ್ಣ ಟಾರ್ಚು ಹಚ್ಚಿದ್ದಾನೆ. ಗ್ಯಾಸು ಇಂಗದೆ ಅಲ್ಲೇ ಕೂತಿತ್ತು, ಉರಿ ಹಸಿರಿಗೆ ತಿರುಗಿತಂತೆ. ಇದೇನಿದು ಚೆಂದಾಗದೆ ಅಂತ ನೋಡುತ್ತಾ ಬೆಸುಗೆ ಮುಂದುವರಿಸಿದ್ದಾನೆ. ಗಂಟಲು ಕೆರೆದಿದೆ, ಕೆಮ್ಮು ಬಂದಿದೆ, ಆದರೂ ಒಪ್ಪಿಕೊಂಡ ಕೆಲಸ ಮುಗಿಸಿಯೇ ಮೇಲೆ ಬಂದಿದ್ದಾನೆ. ಸಂಜೆಗೆ ಉಸಿರು ಕಟ್ಟಿತು.

ರುದ್ರೇಶ ಹೇಳುವುದನ್ನು ನಿಲ್ಲಿಸಿದ. ನಾನು ಕಟ್ಟೆ ಮೇಲೆ ಕೂತೆ. ಅವನು ಮಾಡಿದ್ದರಲ್ಲಿ ನಾನು ಹೇಳದ್ದು ಒಂದೂ ಇರಲಿಲ್ಲ. ಬಿಡಬೇಡಿ ಅಂದಿದ್ದೆ, ಬಿಟ್ಟಿರಲಿಲ್ಲ. ತೆಗೆಯಿರಿ ಅಂದಿದ್ದೆ, ತೆಗೆದಿದ್ದ. ಕೆಳಗೆ ಕೂರುತ್ತೆ ಅಂದಿದ್ದೆ, ಕೂರಿಸಿದ್ದ. ಓದದೇ ಇದ್ದ ಮೊದಲಿನ ರುದ್ರೇಶ ಆಗಿದ್ದರೆ ಬಯಲಿನಲ್ಲಿ ಪುಸ್ ಅನ್ನಿಸಿ ಕೈ ತೊಳೆದುಕೊಂಡಿರುತ್ತಿದ್ದ, ಈರಣ್ಣ ಬೀಡಿ ಸೇದಿಕೊಂಡು ಚೆನ್ನಾಗಿರುತ್ತಿದ್ದ. ಅಯ್ಯೋ ದೇವರೇ ಅಂತ ಬಾಯಲ್ಲಿ ಬಂತೇ ಹೊರತು, ಇದು ನನ್ನ ತಪ್ಪು ರುದ್ರೇಶ ಅಂತ ಬರಲಿಲ್ಲ.

ಒಳಗೆ ಹೋದೆ. ಈರಣ್ಣ ಮೂಗಿಗೆ ನಳಿಗೆ ಹಾಕಿಕೊಂಡು ದಿಂಬಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಹೆಂಡತಿ ಕೆಂಚಮ್ಮ ಬೆನ್ನು ನೀವುತ್ತಿದ್ದಳು. ನನ್ನನ್ನು ಯಾರೋ ಡಾಕ್ಟರು ಅಂದುಕೊಂಡು, "ಬದುಕ್ತಾರಾ ತಾಯಿ?" ಅಂತ ಕೇಳಿದಳು. ನಾನು ಮೇಷ್ಟ್ರು ಕಣಮ್ಮ ಅಂದೆ. ಈರಣ್ಣ ಕಣ್ಣು ಬಿಟ್ಟು, ಒಂದು ಮಾತಿಗೆ ಒಂದು ಉಸಿರು ಎಳೆದುಕೊಂಡು, "ರುದ್ರೇಶಂಗೆ... ಏನೂ ಅನ್ಬೇಡಿ... ಮೇಡಮ್ಮೋರೆ" ಅಂದ. ಅವನು ಬದುಕಿದ. ಹದಿನೆಂಟು ದಿನ ಅಲ್ಲಿದ್ದು ಹಟ್ಟಿಗೆ ಹೋದ. ಆದರೆ ಟಾರ್ಚು ಮತ್ತೆ ಹಿಡಿಯಲಾಗಲಿಲ್ಲ, ಕುರಿ ಹಿಂದೆ ನಾಲ್ಕು ಹೆಜ್ಜೆ ಬೇಗ ನಡೆದರೆ ಕೂತುಬಿಡುತ್ತಿದ್ದ ಅಂತ ಕೇಳಿದೆ.

ವಿಚಾರಣೆಗೆ ಬೆಂಗಳೂರಿನಿಂದ ಸಾಹೇಬರು ಬಂದರು. ಬರುವ ಮೊದಲೇ ಫೋನಿನಲ್ಲಿ, ಇಂಥಾ ಕೆಲಸಕ್ಕೆ ಹೆಂಗಸರನ್ನು ಹಾಕಬೇಡಿ ಅಂತ ಆವತ್ತೇ ಬಡ್ಕೊಂಡೆ ಅಂದಿದ್ದರಂತೆ. ಪ್ರಿನ್ಸಿಪಾಲರು ಒಳ್ಳೇ ಮನಸ್ಸಿನಿಂದಲೇ ನನಗೆ ಅದನ್ನು ತಿಳಿಸಿ, "ನೋಡ್ರಮ್ಮ, ನಿಮ್ಮ ವರ್ಗದ ಫೈಲು ಅವರ ಟೇಬಲ್ ಮೇಲೇ ಇದೆ. ಯೋಚನೆ ಮಾಡಿ ಮಾತಾಡಿ" ಅಂದರು. ಯೋಚನೆ ಮಾಡಿದೆ. ಮಗಳ ಮುಖ ಕಣ್ಣ ಮುಂದೆ ಬಂತು. ಇಡೀ ಇಲಾಖೆ, ನೋಡಿದ್ರಾ ಹೆಂಗಸು ಕಲಿಸಿದ್ರೆ ಹಿಂಗೇ ಅಂತ ನಗುವುದು ಕೇಳಿಸಿತು. ಇನ್ನೊಂದು ವರ್ಷ ಆ ಅಟ್ಟದ ಪಕ್ಕದ ರೂಮಿನಲ್ಲಿ ಇರಲಾರೆ ಅಂತಲೂ ಅನ್ನಿಸಿತು. ಎಲ್ಲ ನಿಜವಾದ ಕಾರಣಗಳೇ.

ಸಾಹೇಬರು ರುದ್ರೇಶನನ್ನು ನಿಲ್ಲಿಸಿಕೊಂಡು ಕೇಳಿದರು. "ಇವರು ನಿನಗೆ ಹೀಗೆ ಮಾಡು ಅಂತ ಹೇಳಿಕೊಟ್ರಾ?"

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ರುದ್ರೇಶ ನನ್ನ ಕಡೆ ನೋಡಲೂ ಇಲ್ಲ. "ಇಲ್ಲ ಸಾ. ಮೇಡಮ್ಮೋರು ಸರಿಯಾಗೇ ಹೇಳಿದ್ರು. ನನ್ನ ತಲೇಗೇ ಹೋಗ್ಲಿಲ್ಲ. ಮೊದಲಿಂದ್ಲೂ ಹಂಗೇ ಸಾ ನಾನು, ದಡ್ಡ."

ನನ್ನನ್ನು ಕಾಪಾಡಲು ಹಾಗಂದನೇನೋ ಅಂದುಕೊಂಡರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹಾಗೇ ನಂಬಿದ್ದ. ಮೂರು ಸಲ ಫೇಲಾದವನು ನಾಲ್ಕನೇ ಸಲವೂ ತಾನೇ ಫೇಲಾದೆ ಅಂದುಕೊಂಡಿದ್ದ. ಬಾಯಿ ತೆರೆಯಲು ನನಗೆ ಅದಕ್ಕಿಂತ ಒಳ್ಳೇ ಗಳಿಗೆ ಬೇಕಿರಲಿಲ್ಲ. ತೆರೆಯಲಿಲ್ಲ. ಲಿಖಿತ ವರದಿ ಕೊಡಿ ಅಂದರು. ಬರೆದೆ. 'ತರಬೇತಿಯಲ್ಲಿ ಈ ಬಗ್ಗೆ ಸ್ಪಷ್ಟವಾಗಿ ತಿಳಿಸಲಾಗಿತ್ತು. ತಂತ್ರಜ್ಞರು ಸೂಚನೆಗಳನ್ನು ಪಾಲಿಸಿರುವುದಿಲ್ಲ.' ತಿಳಿಸಲಾಗಿತ್ತಂತೆ! ಯಾರು, ಯಾವ ಮಾತಿನಲ್ಲಿ ತಿಳಿಸಿದರು ಅಂತ ಯಾರೂ ಕೇಳದ ಹಾಗೆ ಬರೆಯುವುದು ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಸಾಹೇಬರು ಓದಿ ತಲೆಯಾಡಿಸಿ ಫೈಲಿಗೆ ಸೇರಿಸಿದರು. ರುದ್ರೇಶನ ಸರ್ಟಿಫಿಕೇಟು ರದ್ದು ಅಂತ ಹದಿನೈದು ದಿನಕ್ಕೆ ಆದೇಶ ಬಂತು.

ಮುಂದಿನ ಬ್ಯಾಚಿನ ಹೊತ್ತಿಗೆ ಪುಟ ತಿದ್ದಿದ್ದೆ. 'ಗ್ಯಾಸನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿಕೊಳ್ಳಿ. ಯಂತ್ರ ಇಲ್ಲದಿದ್ದರೆ ಪೈಪು ಬಿಚ್ಚಲೇಬೇಡಿ. ಗಾಳಿಗೂ ಬಿಡಬೇಡಿ, ಗುಂಡಿಗೂ ಬಿಡಬೇಡಿ.' ಗುಂಡಿ ಅಂತ ಓದಿದಾಗ ಎಲ್ಲರೂ ತಲೆ ತಗ್ಗಿಸಿದರು, ಸುತ್ತಮುತ್ತ ಎಲ್ಲರಿಗೂ ಸಂಗತಿ ಗೊತ್ತಿತ್ತು. ಹಿಂದಿನ ಬ್ಯಾಚಿನವರನ್ನೆಲ್ಲ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋದೆ. ಬಿಸಿಲಲ್ಲಿ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಅಂತ ಬಸ್ಸು ಹತ್ತಿ ಇಳಿದು, ಶೆಡ್ಡಿನಿಂದ ಶೆಡ್ಡಿಗೆ ಅಲೆದು, ಹಳೇ ಹಾಳೆ ವಾಪಸು ಇಸಿದುಕೊಂಡು ಹೊಸಾದು ಕೊಟ್ಟೆ. ತೆಗೆಯೋದು ಅಂದ್ರೆ ಏನು ಅಂದ್ಕೊಂಡಿದ್ರಿ ಅಂತ ಕೇಳಿದರೆ, ಮೂರನೇ ಬ್ಯಾಚಿನ ಅಷ್ಟೂ ಜನ ರುದ್ರೇಶ ಹೇಳಿದ್ದನ್ನೇ ಹೇಳಿದರು. ಗುಂಡಿ ಒಂದು ಅವನ ಸ್ವಂತ ಬುದ್ಧಿ. ಅವನಷ್ಟು ಶ್ರದ್ಧೆಯಿಂದ ಬೇರೆ ಯಾರೂ ಓದಿರಲಿಲ್ಲ.

ದೀಪಾವಳಿಗೆ ಮೊದಲೇ ನನ್ನ ವರ್ಗದ ಆದೇಶ ಬಂತು, ಮೈಸೂರಿಗೆ. ಚಾರ್ಜು ಕೊಡುವ ದಿನ ಮಧ್ಯಾಹ್ನ ರುದ್ರೇಶ ಆಫೀಸಿಗೆ ಬಂದ. ಸರ್ಟಿಫಿಕೇಟು ಒಪ್ಪಿಸಬೇಕು ಅಂತ ಅವನಿಗೆ ನೋಟೀಸು ಹೋಗಿತ್ತು. ಚೌಕಟ್ಟಿನಿಂದ ಬಿಚ್ಚಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಏಸಿ ಕೆಲಸ ಬಿಟ್ಟಿದ್ದೀನಿ, ಅಣ್ಣಂದಿರ ಜೊತೆ ತೋಟದ ಕಡೆ ಹೋಗ್ತೀನಿ, ಈರಣ್ಣನ ಮನೆಗೆ ರಾಗಿ, ಕಾಯಿ ನಮ್ಮನೆಯಿಂದ್ಲೇ ಹೋಗ್ತದೆ ಅಂದ. ಆಮೇಲೆ, "ಒಂದು ಕೇಳ್ಲಾ ಮೇಡಂ? ನಾನು ಎಲ್ಲಿ ತಪ್ಪಿದೆ ಅಂತ ಹೇಳ್ಬುಡಿ. ಎಷ್ಟು ಸಲ ಓದಿದ್ರೂ ಗೊತ್ತಾಗ್ತಿಲ್ಲ" ಅಂದ.

ಬೇರೆ ಯಾರೂ ಇರಲಿಲ್ಲ ಅಲ್ಲಿ. "ನೀವು ತಪ್ಪಿಲ್ಲ ರುದ್ರೇಶ್" ಅಂದೆ. "ನಾನು ಬರೆದ ಮಾತೇ ತಪ್ಪು. ತೆಗೆಯಿರಿ ಅಂದ್ರೆ ನೀವು ಏನು ಮಾಡಿದ್ರೋ ಅದೇ ಅರ್ಥ ಬರುತ್ತೆ. ನೀವು ಕೇಳಿದಾಗಲೂ ನಾನು ಸರಿಯಾಗಿ ಹೇಳಲಿಲ್ಲ. ತಪ್ಪೆಲ್ಲ ನಂದೇ."

ಅವನು ನನ್ನ ಮಾತು ಕೇಳಿಸಿಕೊಂಡ. ಆಮೇಲೆ ನಕ್ಕ, ಬೇಜಾರಿನ ನಗು ಅಲ್ಲ, ಸಮಾಧಾನ ಹೇಳುವವರು ನಗುತ್ತಾರಲ್ಲ, ಅದು. "ಬುಡಿ ಮೇಡಂ. ನಂಗೆ ಬೇಜಾರಾಗ್ಬಾರ್ದು ಅಂತ ಹಂಗಂತೀರ. ಓದಿದೋರು ನೀವು, ನೀವ್ಯಾಕೆ ತಪ್ಪು ಬರೀತೀರಿ?"

"ಇಲ್ಲ ರುದ್ರೇಶ್, ನಿಜ ಹೇಳ್ತಿದೀನಿ..."

"ಬುಡಿ ಮೇಡಂ, ದೊಡ್ಡೋರು ಹಂಗನ್ನಬಾರ್ದು. ಎಲ್ಲಿ ಸೈನ್ ಹಾಕ್ಬೇಕು?"

ಕೇಳಬೇಕಾದವರಿಗೆ ಹೇಳಲಿಲ್ಲ, ಯಾರಿಗೆ ಹೇಳಿದೆನೋ ಅವನು ನಂಬಲಿಲ್ಲ. ರಿಜಿಸ್ಟರು ತೆಗೆದು ಅವನ ಮುಂದೆ ಇಟ್ಟೆ. ಹೆಸರು, ಊರು, ಸರ್ಟಿಫಿಕೇಟಿನ ನಂಬರು, ಹಿಂತಿರುಗಿಸಲು ಕಾರಣ ಅಂತ ನಾಲ್ಕು ಕಲಮ್ಮು. ಮೂರನ್ನು ತುಂಬಿಸಿ, ನಾಲ್ಕನೇದರ ಮೇಲೆ ಪೆನ್ನು ಹಿಡಿದುಕೊಂಡು, ಏನಂತ ಬರೀಲಿ ಅಂತ ಕೇಳಿದ. ಆಮೇಲೆ ಅವನೇ ಯೋಚನೆ ಮಾಡಿ, ಒಂದೊಂದೇ ಅಕ್ಷರ ದುಂಡಗೆ, ಪರೀಕ್ಷೆಯಲ್ಲಿ ಬರೆಯುತ್ತಿದ್ದ ಹಾಗೆ ಬರೆದ: 'ನನಗೆ ಅರ್ಥ ಆಗಿರಲಿಲ್ಲ.' ಅದರ ಕೆಳಗೆ ಇನ್‌ಸ್ಟ್ರಕ್ಟರು ಸಹಿ ಹಾಕುವ ಜಾಗವಿತ್ತು. ಹಾಕಿದೆ.